ಸವಳು-ಜವಳು ಜಮೀನಿನ ಸುಧಾರಣೆ: ಮೊದಲು ಬಸಿಗಾಲುವೆ, ಆಮೇಲೆ ಜಿಪ್ಸಂ

ತುಂಗಭದ್ರಾ ಕಾಲುವೆಗಳಲ್ಲಿ ನೀರು ಹರಿಯತೊಡಗಿದ್ದು 1953ರಲ್ಲಿ. ಅದಕ್ಕೆ ಮೊದಲು ಗಂಗಾವತಿ, ಸಿಂಧನೂರು, ಮಾನ್ವಿ ಭಾಗದ ಎರೆ ಹೊಲಗಳಲ್ಲಿ ಮಳೆಯನ್ನೇ ನಂಬಿ ಜೋಳ, ಹತ್ತಿ, ಕುಸುಬೆ, ಕಡಲೆ ಬೆಳೆಯುತ್ತಿದ್ದರು. ಕಾಲುವೆ ನೀರು ಬಂದು ಬದುಕು ಹಸನಾಯಿತು. ಆದರೆ ಕೆಲವು ವರ್ಷಗಳಲ್ಲಿಯೇ ಕಾಲುವೆಯ ಮಗ್ಗುಲಿನಲ್ಲಿ, ತಗ್ಗಿನ ಹೊಲಗಳಲ್ಲಿ, ಹಳ್ಳದ ಅಂಚಿನಲ್ಲಿ ಬೆಳೆ ಏಳದ ಮಚ್ಚೆಗಳು ಕಾಣಿಸಿಕೊಂಡವು. ಮಚ್ಚೆಗಳು ಬೆಳೆದು ಮಡಿಗಳಾದವು, ಮಡಿಗಳು ಹೊಲಗಳಾದವು. ಇದೇ ಸವಳು-ಜವಳು. ಕೃಷ್ಣಾ, ಘಟಪ್ರಭಾ, ಮಲಪ್ರಭಾ ಅಚ್ಚುಕಟ್ಟುಗಳ ರೈತರಿಗೂ ಈ ಪಿಡುಗು ಹೊಸದಲ್ಲ. ಇಡೀ ದೇಶದಲ್ಲಿ ಇಂಥ ಭೂಮಿ ಸುಮಾರು 67 ಲಕ್ಷ ಹೆಕ್ಟೇರ್ ಇದೆಯೆಂದು ಅಂದಾಜು ಮಾಡಲಾಗಿದೆ.

ಇಂಥ ಹೊಲವನ್ನು "ಸತ್ತ ಭೂಮಿ" ಎಂದು ಬೀಳು ಬಿಡುವವರಿದ್ದಾರೆ. ಸಿಕ್ಕಷ್ಟು ಬೆಲೆಗೆ ಮಾರುವವರೂ ಇದ್ದಾರೆ. ಇವೆರಡೂ ಅವಸರದ ನಿರ್ಧಾರಗಳು. ಸವಳು ಭೂಮಿ ಸತ್ತಿರುವುದಿಲ್ಲ, ಕಾಯಿಲೆ ಬಿದ್ದಿರುತ್ತದೆ. ಕಾಯಿಲೆ ಯಾವುದೆಂದು ಮೊದಲು ತಿಳಿದು, ಸರಿಯಾದ ಕ್ರಮದಲ್ಲಿ ಔಷಧ ಕೊಟ್ಟರೆ ಮೂರು ನಾಲ್ಕು ವರ್ಷಗಳಲ್ಲಿ ಅದನ್ನು ಬೆಳೆಗೆ ತರಬಹುದು. ಕ್ರಮ ತಪ್ಪಿದರೆ ಹಣವೂ ಹೋಗುತ್ತದೆ, ಭೂಮಿಯೂ ಇನ್ನಷ್ಟು ಕೆಡುತ್ತದೆ. ಆ ಕ್ರಮವನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ಲವಣ ಎಲ್ಲಿಂದ ಬರುತ್ತದೆ?

"ನಮ್ಮ ಕಾಲುವೆ ನೀರು ಸಿಹಿನೀರು, ಕುಡಿಯಲೂ ಬರುತ್ತದೆ. ಹೊಲಕ್ಕೆ ಉಪ್ಪು ಎಲ್ಲಿಂದ ಬಂತು?" ಎಂಬ ಪ್ರಶ್ನೆ ಸಹಜವಾದದ್ದು. ಸಿಹಿನೀರಿನಲ್ಲಿಯೂ ಸ್ವಲ್ಪ ಲವಣ ಕರಗಿರುತ್ತದೆ. ಲೀಟರಿಗೆ 200 ಮಿಲಿಗ್ರಾಂ ಲವಣವಿರುವ ಒಳ್ಳೆಯ ನೀರನ್ನೇ ತೆಗೆದುಕೊಳ್ಳಿ. ಒಂದು ಎಕರೆಗೆ ವರ್ಷದಲ್ಲಿ ಒಂದು ಮೀಟರ್ ಆಳದಷ್ಟು ನೀರು ಕೊಟ್ಟರೆ ಅದರೊಡನೆ ಸುಮಾರು 800 ಕಿಲೋ ಲವಣ ಹೊಲಕ್ಕೆ ಸೇರಿತೆಂದು ಲೆಕ್ಕ. ನೀರನ್ನು ಬೆಳೆ ಹೀರುತ್ತದೆ, ಬಿಸಿಲು ಒಣಗಿಸುತ್ತದೆ. ಲವಣ ಮಾತ್ರ ಬಹುಪಾಲು ಅಲ್ಲಿಯೇ ಉಳಿಯುತ್ತದೆ. ಮಳೆ ಕಡಿಮೆಯಿರುವ ನಮ್ಮ ಎರೆ ಭೂಮಿಯ ಕೆಳಪದರಗಳಲ್ಲಿ ಮೊದಲಿನಿಂದಲೂ ಲವಣವಿರುವುದುಂಟು.

ಇಷ್ಟಾದರೂ ಲವಣ ಬೇರಿನ ಕೆಳಗೆ ಇಳಿದು ಹೋಗುತ್ತಿದ್ದರೆ ತೊಂದರೆಯಿರಲಿಲ್ಲ. ಎರೆಮಣ್ಣಿನಲ್ಲಿ ನೀರು ಇಂಗುವುದು ನಿಧಾನ, ಬಸಿದು ಹೋಗುವುದು ಇನ್ನೂ ನಿಧಾನ. ಮೇಲ್ಭಾಗದ ಹೊಲಗಳಲ್ಲಿ ವರ್ಷಕ್ಕೆ ಎರಡು ಬಾರಿ ಭತ್ತ ನಿಂತಾಗ, ಕಾಲುವೆಯಿಂದ ಜಿನುಗು ಇದ್ದಾಗ, ತಗ್ಗಿನ ಹೊಲದಲ್ಲಿ ಅಂತರ್ಜಲ ಮೇಲೇರುತ್ತದೆ. ಅದು ನೆಲಮಟ್ಟದಿಂದ ಒಂದೂವರೆ ಎರಡು ಮೀಟರಿನ ಒಳಗೆ ಬಂದಿತೆಂದರೆ, ದೀಪದ ಬತ್ತಿ ಎಣ್ಣೆ ಹೀರುವಂತೆ ಮಣ್ಣು ನೀರನ್ನು ಮೇಲಕ್ಕೆ ಹೀರತೊಡಗುತ್ತದೆ. ನೀರು ಆವಿಯಾಗಿ ಲವಣ ಮೇಲೆ ನಿಲ್ಲುತ್ತದೆ. ಲೀಟರಿಗೆ 1,280 ಮಿಲಿಗ್ರಾಂ ಲವಣವಿರುವ ನೆಲದಡಿಯ ನೀರು ಒಂದು ಬೇಸಿಗೆಯಲ್ಲಿ ಕೇವಲ 10 ಸೆಂಟಿಮೀಟರಿನಷ್ಟು ಮೇಲೆ ಬಂದು ಆವಿಯಾದರೆ, ಎಕರೆಗೆ ಅರ್ಧ ಟನ್ನಿಗೂ ಮಿಕ್ಕಿ ಲವಣ ಮೇಲ್ಮಣ್ಣಿನಲ್ಲಿ ಉಳಿಯುತ್ತದೆ. ಬೀಳು ಬಿಟ್ಟ ಜವಳು ಹೊಲ ಬೇಗ ಸವಳಾಗಲು ಇದೇ ಕಾರಣ.

ಎಡದಂಡೆ ಕಾಲುವೆಯ ಅಚ್ಚುಕಟ್ಟನ್ನು ಯೋಜಿಸಿದಾಗ ಹೆಚ್ಚಿನ ಪ್ರದೇಶವನ್ನು ಹತ್ತಿ, ಜೋಳದಂತಹ ಲಘು ನೀರಾವರಿ ಬೆಳೆಗಳಿಗೆಂದು ಗುರುತಿಸಿ, ಭತ್ತಕ್ಕೆ ಸ್ವಲ್ಪ ಭಾಗವನ್ನು ಮಾತ್ರ ಬಿಡಲಾಗಿತ್ತು. ಎಲ್ಲೆಲ್ಲೂ ಭತ್ತವೇ ಹಬ್ಬಿದ್ದರಿಂದ ತುದಿಯ ಹೊಲಗಳಿಗೆ ನೀರು ಮುಟ್ಟಲಿಲ್ಲ. ತಗ್ಗಿನ ಹೊಲಗಳಿಗೆ ಬೇಡದ ನೀರು ಬಂತು.

ಸವಳಿನಲ್ಲಿ ಎರಡು ಬಗೆ

ತಿಳಿಯಲು ಅನುಕೂಲವಾಗಲೆಂದು ಒಂದನ್ನು ಬಿಳಿ ಸವಳು, ಇನ್ನೊಂದನ್ನು ಕರಿ ಸವಳು ಎನ್ನೋಣ.

ಬಿಳಿ ಸವಳು ಎಂದರೆ ಲವಣ ಮಣ್ಣು. ಕರಗುವ ಲವಣಗಳು ಇದರಲ್ಲಿ ಹೆಚ್ಚು. ಬೇಸಿಗೆಯಲ್ಲಿ ನೆಲದ ಮೇಲೆ ಬಿಳಿಯ ಪುಡಿ ಕಾಣುತ್ತದೆ. ಮಣ್ಣು ಸಡಿಲವಾಗಿರುತ್ತದೆ, ನಿಂತ ನೀರು ತಿಳಿಯಾಗಿರುತ್ತದೆ. ಹೊಲದಲ್ಲಿ ತೇವವಿದ್ದರೂ ಬೆಳೆ ನೀರಿಲ್ಲದಂತೆ ಬಾಡುತ್ತದೆ, ಎಲೆಯ ತುದಿ ಸುಟ್ಟಂತಾಗುತ್ತದೆ. ಪರೀಕ್ಷೆಯಲ್ಲಿ ಮಣ್ಣಿನ ಸಂತೃಪ್ತ ದ್ರಾವಣದ ವಿದ್ಯುತ್ ವಾಹಕತೆ 4 ಡೆಸಿಸೀಮೆನ್ಸಿಗಿಂತ ಹೆಚ್ಚು, ರಸಸಾರ 8.5ಕ್ಕಿಂತ ಕಡಿಮೆ ಇರುತ್ತದೆ. ಹಿಂದೆ ಮಿಲಿಮೋ ಎನ್ನುತ್ತಿದ್ದ ಅಳತೆಯೂ ಇದೇ.

ಕರಿ ಸವಳು ಎಂದರೆ ಕ್ಷಾರ ಮಣ್ಣು. ಇದರಲ್ಲಿ ತೊಂದರೆ ಮಾಡುವುದು ಮಣ್ಣಿನ ಕಣಕ್ಕೆ ಅಂಟಿಕೊಂಡ ಸೋಡಿಯಂ. ಮಣ್ಣಿನ ಕಣಗಳು ಒಂದನ್ನೊಂದು ಬಿಟ್ಟು ಕೆಸರಾಗಿ ರಂಧ್ರಗಳನ್ನು ಮುಚ್ಚುತ್ತವೆ. ನೀರು ಇಂಗದೆ ದಿನಗಟ್ಟಲೆ ರಾಡಿಯಾಗಿ ನಿಲ್ಲುತ್ತದೆ. ಒಣಗಿದರೆ ಹೊಲ ಕಲ್ಲಿನಂತಾಗುತ್ತದೆ, ನೇಗಿಲಿಗೆ ದೊಡ್ಡ ಹೆಂಟೆಗಳೇಳುತ್ತವೆ. ಮಣ್ಣಿನ ಸಾವಯವ ಅಂಶ ಕರಗಿ ಮೇಲೆ ಬರುವುದರಿಂದ ನೆಲ ಎಣ್ಣೆ ಚೆಲ್ಲಿದಂತೆ ಕಪ್ಪಾಗಿ ಕಾಣುವುದುಂಟು. ರಸಸಾರ 8.5ಕ್ಕಿಂತ ಹೆಚ್ಚು, ವಿನಿಮಯ ಸೋಡಿಯಂ ನೂರಕ್ಕೆ 15ಕ್ಕಿಂತ ಹೆಚ್ಚು ಇರುತ್ತದೆ.

ಒಂದೇ ಹೊಲದಲ್ಲಿ ಈ ಎರಡೂ ದೋಷಗಳು ಸೇರಿರುವುದೂ ಉಂಟು. ಅದನ್ನು ಲವಣ-ಕ್ಷಾರ ಮಣ್ಣು ಎನ್ನುತ್ತಾರೆ.

ಮನೆಯಲ್ಲಿಯೇ ಒಂದು ಸುಲಭ ಪರೀಕ್ಷೆ ಮಾಡಿ ನೋಡಬಹುದು. ಗಾಜಿನ ಲೋಟದಲ್ಲಿ ಮಳೆನೀರು ತುಂಬಿ, ಗೋಲಿಯಷ್ಟು ದಪ್ಪದ ಒಣ ಹೆಂಟೆಯನ್ನು ಮೆಲ್ಲನೆ ಬಿಡಿ. ಲೋಟವನ್ನು ಅಲುಗಾಡಿಸಬೇಡಿ. ಮರುದಿನ ನೋಡಿದಾಗ ಹೆಂಟೆಯ ಸುತ್ತ ಹಾಲಿನಂತಹ ರಾಡಿ ಹರಡಿದ್ದರೆ ಸೋಡಿಯಂ ದೋಷವಿದೆಯೆಂದು ಸಂಶಯಪಡಬೇಕು. ಹೆಂಟೆ ಪುಡಿಯಾಗಿ ಬಿದ್ದಿದ್ದರೂ ನೀರು ತಿಳಿಯಾಗಿದ್ದರೆ ಸೋಡಿಯಂ ದೋಷ ಕಡಿಮೆ, ಇಲ್ಲವೇ ಲವಣ ಹೆಚ್ಚಿರುವುದರಿಂದ ದೋಷ ಮರೆಯಾಗಿದೆ. ಇದು ಸುಳಿವು ಮಾತ್ರ. ಪ್ರಯೋಗಶಾಲೆಯ ಪರೀಕ್ಷೆಗೆ ಬದಲಿಯಲ್ಲ.

ಮಣ್ಣು ಮಾದರಿ ತೆಗೆಯುವ ವಿಧಾನ

ಸವಳು ಹೊಲದ ಮಾದರಿಯನ್ನು ಗೊಬ್ಬರದ ಶಿಫಾರಸಿಗೆ ತೆಗೆಯುವ ಮಾದರಿಯಂತೆ ತೆಗೆದರೆ ಸಾಲದು. ಬೇಸಿಗೆಯಲ್ಲಿ ಹೊಲ ಒಣಗಿದ್ದಾಗ, ಬೆಳೆ ಏಳದ ಮಚ್ಚೆಯಿಂದ ಒಂದು, ಪಕ್ಕದ ಚೆನ್ನಾಗಿರುವ ಜಾಗದಿಂದ ಒಂದು, ಹೀಗೆ ಎರಡು ಮಾದರಿ ಬೇರೆ ಬೇರೆ ತೆಗೆಯಿರಿ. ಪ್ರತಿ ಜಾಗದಲ್ಲಿಯೂ 0-15, 15-30 ಮತ್ತು 30-60 ಸೆಂ.ಮೀ. ಆಳದ ಮಣ್ಣನ್ನು ಪ್ರತ್ಯೇಕವಾಗಿಟ್ಟು, ನಾಲ್ಕೈದು ಕಡೆಯದನ್ನು ಆಳಕ್ಕೆ ತಕ್ಕಂತೆ ಬೆರೆಸಿ, ಅರ್ಧ ಕಿಲೋ ಕಳಿಸಿರಿ. ಕೊಳವೆ ಬಾವಿ ನೀರು ಬಳಸುವವರು ಶುದ್ಧವಾದ ಬಾಟಲಿಯಲ್ಲಿ ಒಂದು ಲೀಟರ್ ನೀರನ್ನೂ ಕಳಿಸಬೇಕು. ನೀರಿನಲ್ಲಿಯೇ ಸೋಡಿಯಂ ಕಾರ್ಬೊನೇಟ್ ಹೆಚ್ಚಿದ್ದರೆ ಎಷ್ಟು ಜಿಪ್ಸಂ ಹಾಕಿದರೂ ರೋಗ ಮರುಕಳಿಸುತ್ತದೆ.

ವರದಿ ಬಂದಾಗ ಒಂದು ವಿಷಯವನ್ನು ತಪ್ಪದೆ ಕೇಳಿರಿ. ವಿದ್ಯುತ್ ವಾಹಕತೆಯನ್ನು ಸಂತೃಪ್ತ ದ್ರಾವಣದಲ್ಲಿ ಅಳೆದಿದ್ದಾರೆಯೇ, ಅಥವಾ ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ನೀರು ಬೆರೆಸಿ ಅಳೆದಿದ್ದಾರೆಯೇ? ಎರಡನೆಯ ವಿಧಾನದಲ್ಲಿ ದ್ರಾವಣ ತೆಳುವಾಗುವುದರಿಂದ ಅಂಕಿ ಬಹಳ ಕಡಿಮೆ ಬರುತ್ತದೆ. ಅದರಲ್ಲಿ 1ರ ಒಳಗಿದ್ದರೆ ಚಿಂತೆಯಿಲ್ಲ. 1 ದಾಟಿದರೆ ಮೊಳಕೆಗೆ, 2 ದಾಟಿದರೆ ಲವಣ ತಾಳದ ಬೆಳೆಗಳಿಗೆ ಹಾನಿಯೆಂದು ತಿಳಿಯಬೇಕು. "4ರ ಒಳಗಿದೆ, ಹೊಲ ಸರಿಯಾಗಿದೆ" ಎಂದು ಮೋಸ ಹೋಗಬಾರದು.

ಮೊದಲ ಕೆಲಸ ಬಸಿಗಾಲುವೆ

ಲವಣವನ್ನು ಮಣ್ಣಿನೊಳಗೆ ಸುಡಲು ಬರುವುದಿಲ್ಲ, ಅದು ಕೊಳೆಯುವುದೂ ಇಲ್ಲ. ಅದು ನೀರಿನಲ್ಲಿ ಕರಗಿ ಹೊಲದಿಂದ ಹೊರಗೆ ಹೋಗಬೇಕು, ಇಲ್ಲವೇ ಬೇರಿಗಿಂತ ಬಹಳ ಕೆಳಕ್ಕೆ ಇಳಿಯಬೇಕು. ಆದ್ದರಿಂದ ನೀರಿಗೆ ಹೊರದಾರಿ ಮಾಡದೆ ಬೇರಾವ ಕೆಲಸಕ್ಕೂ ಕೈಹಾಕಬಾರದು.

ಅಂತರ್ಜಲ ಎಷ್ಟು ಆಳದಲ್ಲಿದೆಯೆಂದು ಮೊದಲು ತಿಳಿಯಿರಿ. ಹೊಲದ ತಗ್ಗಿನಲ್ಲಿ ಎರಡು ಮೀಟರ್ ಆಳದ ಕಿರಿದಾದ ಗುಂಡಿ ಕೊರೆದು, ತೂತು ಹಾಕಿದ ಪಿ.ವಿ.ಸಿ. ಕೊಳವೆ ಇಳಿಸಿ, ಬಾಯಿ ಮುಚ್ಚಿಡಿ. ತಿಂಗಳಿಗೊಮ್ಮೆ ಗಳದಿಂದ ಅಳೆದು ಬರೆದಿಡಿ. ಕಾಲುವೆ ನೀರು ಹರಿಯುವಾಗಲೂ ನಿಂತ ಮೇಲೂ ಎಷ್ಟು ವ್ಯತ್ಯಾಸವಿದೆಯೆಂಬುದು ಇದರಿಂದ ಗೊತ್ತಾಗುತ್ತದೆ.

ಹೊಲದ ತಗ್ಗಿನ ಅಂಚಿನಲ್ಲಿ 1 ರಿಂದ 1.2 ಮೀಟರ್ ಆಳದ ತೆರೆದ ಬಸಿಗಾಲುವೆ ತೋಡಿ ಹಳ್ಳಕ್ಕೆ ಕೂಡಿಸಿರಿ. ಮೇಲಿನ ಹೊಲದಿಂದ ಅಥವಾ ಕಾಲುವೆಯಿಂದ ಜಿನುಗು ಬರುತ್ತಿದ್ದರೆ ಆ ಮಗ್ಗುಲಿಗೂ ಒಂದು ತಡೆಗಾಲುವೆ ಬೇಕು. ತೆರೆದ ಕಾಲುವೆಗೆ ಜಮೀನು ಹೋಗುತ್ತದೆ, ಹೂಳು ತೆಗೆಯುವ ಕೆಲಸ ಪ್ರತಿವರ್ಷ ಇರುತ್ತದೆ. ಇದು ಬೇಡವೆನ್ನುವವರು ನೆಲದೊಳಗಿನ ಕೊಳವೆ ಬಸಿಯುವಿಕೆಯನ್ನು ಅಳವಡಿಸಬಹುದು. ತೂತುಗಳಿರುವ ಸುಕ್ಕುಗಟ್ಟಿದ ಕೊಳವೆಗಳಿಗೆ ಸೋಸುಬಟ್ಟೆ ಸುತ್ತಿ, ಸುಮಾರು ಒಂದು ಮೀಟರ್ ಆಳದಲ್ಲಿ ಸಾಲಾಗಿ ಹೂಳಿ, ಕೊನೆಗೆ ಹಳ್ಳಕ್ಕೆ ಬಿಡುತ್ತಾರೆ. ಸಾಲುಗಳ ಅಂತರವನ್ನು ಮಣ್ಣಿಗೆ ತಕ್ಕಂತೆ ತಜ್ಞರಿಂದ ನಿರ್ಧರಿಸಿಕೊಳ್ಳಬೇಕು. ಖರ್ಚು ಹೆಚ್ಚು, ಆದರೆ ಮೇಲೆ ಬೇಸಾಯಕ್ಕೆ ಅಡ್ಡಿಯಿಲ್ಲ.

ಇಲ್ಲೊಂದು ಮಾತು. ಬಸಿಗಾಲುವೆ ಒಬ್ಬನ ಹೊಲದಲ್ಲಿ ಮುಗಿಯುವ ಕೆಲಸವಲ್ಲ. ನಿಮ್ಮ ನೀರು ಕೆಳಗಿನವರ ಹೊಲದಲ್ಲಿ ನಿಂತರೆ ನಿಮ್ಮ ಕಾಯಿಲೆಯನ್ನು ಅವರಿಗೆ ದಾಟಿಸಿದಂತೆ. ಊರ ಹಳ್ಳದಲ್ಲಿ ಬಳ್ಳಾರಿ ಜಾಲಿ, ಆಪು ಬೆಳೆದು ಹೂಳು ತುಂಬಿದ್ದರೆ ಎಲ್ಲರ ಬಸಿಗಾಲುವೆಗಳೂ ವ್ಯರ್ಥ. ನೀರು ಬಳಕೆದಾರರ ಸಂಘದಲ್ಲಿ ಈ ವಿಷಯವನ್ನು ಎತ್ತಿ, ಕಾಲುವೆ ನಿಂತಿರುವ ಬೇಸಿಗೆಯಲ್ಲಿ ಹಳ್ಳವನ್ನು ಒಟ್ಟಾಗಿ ಶುಚಿಗೊಳಿಸಿರಿ.

ಬಿಳಿ ಸವಳನ್ನು ತೊಳೆಯುವುದು

ಬಸಿಗಾಲುವೆಯಾದ ಮೇಲೆ ಹೊಲವನ್ನು ಚೆನ್ನಾಗಿ ಮಟ್ಟ ಮಾಡಿ, ಚಿಕ್ಕ ಮಡಿಗಳಾಗಿ ಒಡೆದು, ಗಟ್ಟಿ ಬದು ಹಾಕಬೇಕು. ಮಟ್ಟವಿಲ್ಲದಿದ್ದರೆ ಉಬ್ಬಿನ ಮೇಲೆ ಲವಣ ಉಳಿಯುತ್ತದೆ. ಅನಂತರ ಒಳ್ಳೆಯ ನೀರು ಕಟ್ಟಿ ಇಂಗಿಸಬೇಕು. ಒಂದು ಅಡಿ ಮಣ್ಣಿನಲ್ಲಿರುವ ಲವಣದಲ್ಲಿ ನೂರಕ್ಕೆ ಸುಮಾರು 80 ಪಾಲು ಹೋಗಲು ಒಂದು ಅಡಿ ನೀರು ಆ ಮಣ್ಣಿನ ಮೂಲಕ ಇಳಿದು ಹೋಗಬೇಕು. ಮೇಲಿನಿಂದ ಹರಿದು ಹೋದ ನೀರು ಈ ಲೆಕ್ಕಕ್ಕೆ ಬರುವುದಿಲ್ಲ. ಒಂದೇ ಸಲ ನೀರು ನಿಲ್ಲಿಸುವುದಕ್ಕಿಂತ ಕಟ್ಟಿ, ಇಂಗಿಸಿ, ಎರಡು ಮೂರು ದಿನ ಬಿಟ್ಟು ಮತ್ತೆ ಕಟ್ಟುವುದರಿಂದ ಕಡಿಮೆ ನೀರಿನಲ್ಲಿ ಹೆಚ್ಚು ಲವಣ ತೊಳೆಯುತ್ತದೆ. ಮಳೆನೀರನ್ನು ಬದುವಿನೊಳಗೆ ಹಿಡಿದು ಇಂಗಿಸುವುದು ಎಲ್ಲಕ್ಕಿಂತ ಅಗ್ಗ. ಬರಿಯ ಬಿಳಿ ಸವಳಿಗೆ ಜಿಪ್ಸಂ ಬೇಕಾಗಿಲ್ಲ.

ಕರಿ ಸವಳಿಗೆ ಜಿಪ್ಸಂ

ಕರಿ ಸವಳಿನಲ್ಲಿ ಎಷ್ಟು ನೀರು ಕಟ್ಟಿದರೂ ಸೋಡಿಯಂ ಕದಲುವುದಿಲ್ಲ. ಅದರ ಜಾಗಕ್ಕೆ ಸುಣ್ಣದಂಶ, ಅಂದರೆ ಕ್ಯಾಲ್ಸಿಯಂ ಬಂದು ಕೂರಬೇಕು. ಜಿಪ್ಸಂ ಆ ಕೆಲಸ ಮಾಡುತ್ತದೆ. ಬಿಟ್ಟು ಹೋದ ಸೋಡಿಯಂ ಸಲ್ಫೇಟಿನ ರೂಪದಲ್ಲಿ ನೀರಿನೊಡನೆ ಬಸಿದು ಹೋಗುತ್ತದೆ.

ಲವಣ-ಕ್ಷಾರ ಮಣ್ಣಿನವರು ಇಲ್ಲಿ ವಿಶೇಷ ಎಚ್ಚರ ವಹಿಸಬೇಕು. ಜಿಪ್ಸಂ ಹಾಕದೆ ಮೊದಲೇ ತೊಳೆದರೆ ಕರಗುವ ಲವಣ ಹೋಗಿ ಸೋಡಿಯಂ ಉಳಿಯುತ್ತದೆ. ಅಲ್ಲಿಯವರೆಗೆ ಸಡಿಲವಾಗಿದ್ದ ಮಣ್ಣು ಒಮ್ಮೆಲೇ ಕೆಸರಾಗಿ ಬಿಗಿದುಕೊಳ್ಳುತ್ತದೆ. ಇಂಥ ಹೊಲದಲ್ಲಿ ಜಿಪ್ಸಂ ಮೊದಲು, ನೀರು ಆಮೇಲೆ.

ಎಷ್ಟು ಹಾಕಬೇಕು? ಪ್ರಯೋಗಶಾಲೆಯವರು "ಜಿಪ್ಸಂ ಬೇಡಿಕೆ"ಯನ್ನು ತಿಳಿಸುತ್ತಾರೆ. ನಿಮ್ಮ ಹೊಲಕ್ಕೆ 15 ಸೆಂ.ಮೀ. ಆಳದವರೆಗೆ ಎಕರೆಗೆ 4.2 ಟನ್ ಶುದ್ಧ ಜಿಪ್ಸಂ ಬೇಕೆಂದು ವರದಿ ಬಂದಿದೆಯೆಂದು ಇಟ್ಟುಕೊಳ್ಳಿ. ಅಂಗಡಿಯ ಜಿಪ್ಸಂ ನೂರಕ್ಕೆ 70 ಶುದ್ಧವಾಗಿದ್ದರೆ ಬೇಕಾದದ್ದು 6 ಟನ್. ಇಷ್ಟನ್ನೂ ಒಮ್ಮೆಗೇ ಹಾಕಬೇಕಾಗಿಲ್ಲ. ಭತ್ತ ಬೆಳೆಯುವುದಾದರೆ ಬೇಡಿಕೆಯ ಅರ್ಧ, ಅಂದರೆ 3 ಟನ್ ಅಥವಾ 50 ಕಿಲೋದ 60 ಚೀಲ ಹಾಕಿ ಪ್ರಾರಂಭಿಸಬಹುದು. ಭತ್ತದ ಬೇರು ಮತ್ತು ನಿಂತ ನೀರು ಮಣ್ಣಿನಲ್ಲಿರುವ ಸುಣ್ಣವನ್ನು ಕರಗಿಸಿ ಉಳಿದ ಕೆಲಸಕ್ಕೆ ನೆರವಾಗುತ್ತವೆ.

ಹಾಕುವ ಕ್ರಮ ಹೀಗೆ:

1. ಮಡಿ ಮಟ್ಟ ಮಾಡಿ ಬದು ಕಟ್ಟಿದ ಮೇಲೆಯೇ ಜಿಪ್ಸಂ ಹರಡಿರಿ. ಮೊದಲೇ ಹಾಕಿದರೆ ಮಟ್ಟ ಮಾಡುವಾಗ ಒಂದು ಕಡೆ ಸೇರುತ್ತದೆ.
2. ಜಿಪ್ಸಂ ನುಣ್ಣಗಿರಬೇಕು, 2 ಮಿ.ಮೀ. ಜರಡಿಯಲ್ಲಿ ಇಳಿಯಬೇಕು.
3. ಕುಂಟೆಯಿಂದ ಮೇಲಿನ 10 ಸೆಂ.ಮೀ. ಮಣ್ಣಿನಲ್ಲಿ ಮಾತ್ರ ಬೆರೆಸಿರಿ. ಆಳವಾಗಿ ಉತ್ತರೆ ಔಷಧ ತೆಳುವಾಗುತ್ತದೆ.
4. ಒಡನೆಯೇ 8-10 ಸೆಂ.ಮೀ. ನೀರು ಕಟ್ಟಿ 10 ರಿಂದ 15 ದಿನ ನಿಲ್ಲಿಸಿರಿ. ಇಂಗಿದಂತೆ ಮತ್ತೆ ತುಂಬಿರಿ.
5. ಉಳಿದ ನೀರನ್ನು ಬಸಿಗಾಲುವೆಗೆ ಬಿಟ್ಟು, ಹೊಸ ನೀರು ಕಟ್ಟಿ ನಾಟಿ ಮಾಡಿರಿ.

ಸಕ್ಕರೆ ಕಾರ್ಖಾನೆಯ ಪ್ರೆಸ್‌ಮಡ್ ಸಿಕ್ಕುವವರು ಅದನ್ನೂ ಬಳಸಬಹುದು. ಆದರೆ ಅದು ಗಂಧಕದ ವಿಧಾನದ ಕಾರ್ಖಾನೆಯದಾಗಿರಬೇಕು. ಸುಣ್ಣ ತುಂಬಿದ ಪ್ರೆಸ್‌ಮಡ್, ಮೊದಲೇ ಸುಣ್ಣಕಲ್ಲಿರುವ ಎರೆ ಭೂಮಿಗೆ ಅಷ್ಟಾಗಿ ಉಪಯೋಗವಿಲ್ಲ.

ಮೊದಲ ಮೂರು ವರ್ಷದ ಬೇಸಾಯ

ಮೊದಲನೆಯ ವರ್ಷ ಮುಂಗಾರಿನಲ್ಲಿ ಭತ್ತವೇ ಒಳ್ಳೆಯದು. ನೀರು ನಿಂತು ಇಂಗುವಾಗ ಲವಣವೂ ಇಳಿಯುತ್ತದೆ. ಬಸಿಗಾಲುವೆ ಇರುವಲ್ಲಿ ಭತ್ತ ಔಷಧ, ಇಲ್ಲದಿರುವಲ್ಲಿ ಅದೇ ಭತ್ತ ರೋಗದ ಮೂಲ. ಈ ಭೇದವನ್ನು ಮರೆಯಬಾರದು. 30-35 ದಿನ ಬಲಿತ ಸಸಿಗಳನ್ನು, ಗುಣಿಗೆ ಮೂರು ನಾಲ್ಕರಂತೆ, ಸ್ವಲ್ಪ ಒತ್ತಾಗಿ ನಾಟಿ ಮಾಡಿರಿ. ಸಸಿಮಡಿಯನ್ನು ಮಾತ್ರ ಒಳ್ಳೆಯ ಮಣ್ಣಿನಲ್ಲಿಯೇ ಹಾಕಬೇಕು. ಸಾರಜನಕವನ್ನು ಶಿಫಾರಸಿಗಿಂತ ಕಾಲು ಭಾಗ ಹೆಚ್ಚಾಗಿ, ಕಂತುಗಳಲ್ಲಿ ಕೊಡಿ. ಕ್ಷಾರ ಮಣ್ಣಿನಲ್ಲಿ ಯೂರಿಯಾದ ಸಾರಜನಕ ಗಾಳಿಗೆ ಹಾರಿಹೋಗುವುದು ಹೆಚ್ಚಾದ್ದರಿಂದ ಅದನ್ನು ಮೇಲೆ ಎರಚಿ ಬಿಡಬಾರದು. ಅಮೋನಿಯಂ ಸಲ್ಫೇಟ್ ಸಿಕ್ಕರೆ ಉತ್ತಮ. ರಂಜಕಕ್ಕೆ ಸುಣ್ಣ, ಗಂಧಕವೆರಡೂ ಇರುವ ಸೂಪರ್ ಫಾಸ್ಫೇಟ್ ಆರಿಸಿರಿ. ಎಕರೆಗೆ 10 ಕಿಲೋ ಜಿಂಕ್ ಸಲ್ಫೇಟ್ ತಪ್ಪಿಸಬೇಡಿ. ತಳಿಯ ವಿಷಯದಲ್ಲಿ ಗಂಗಾವತಿ ಕೃಷಿ ಸಂಶೋಧನಾ ಕೇಂದ್ರದವರ ಸಲಹೆ ಪಡೆಯಿರಿ. ಸವಳು ಭೂಮಿಯ ಸಂಶೋಧನೆ ಅಲ್ಲಿ ಬಹುಕಾಲದಿಂದ ನಡೆದಿದೆ.

ಎರಡನೆಯ ವರ್ಷ ಭತ್ತಕ್ಕೆ ಮೊದಲು ಡಯಾಂಚ ಬಿತ್ತಿರಿ. ಎಕರೆಗೆ 20-25 ಕಿಲೋ ಬೀಜ ಬೇಕು. 45-50 ದಿನಕ್ಕೆ, ಕಾಂಡ ಬಲಿಯುವ ಮೊದಲು ಮಣ್ಣಿಗೆ ಸೇರಿಸಿರಿ. ಅದು ಕೊಳೆಯುವಾಗ ಹುಟ್ಟುವ ಆಮ್ಲಗಳು ಎರೆಮಣ್ಣಿನ ಸುಣ್ಣಕಲ್ಲನ್ನು ಕರಗಿಸುತ್ತವೆ. ಅಂದರೆ ನಿಮ್ಮ ಹೊಲದಲ್ಲಿಯೇ ಇರುವ ಸುಣ್ಣ ಕೆಲಸಕ್ಕೆ ಬರುತ್ತದೆ. ಸೆಣಬು ಒಳ್ಳೆಯ ಹಸಿರೆಲೆ ಗೊಬ್ಬರವಾದರೂ ಸವಳು, ಜವಳು ತಾಳುವುದರಲ್ಲಿ ಡಯಾಂಚಕ್ಕೆ ಸಮನಲ್ಲ. ಕೊಟ್ಟಿಗೆ ಗೊಬ್ಬರ ಎಷ್ಟು ಸಿಕ್ಕರೂ ಹಾಕಿರಿ. ಭತ್ತದ ಹುಲ್ಲನ್ನು ಸುಡಬೇಡಿ.

ಮೂರನೆಯ ವರ್ಷ ಮಣ್ಣನ್ನು ಮತ್ತೆ ಪರೀಕ್ಷೆ ಮಾಡಿಸಿರಿ. ಇನ್ನೂ ದೋಷವಿದ್ದರೆ ಉಳಿದ ಜಿಪ್ಸಂ ಹಾಕಿರಿ. ಸುಧಾರಿಸಿದ್ದರೆ ಮೆಲ್ಲಗೆ ಲಘು ನೀರಾವರಿ ಬೆಳೆಗಳಿಗೆ ತಿರುಗಿರಿ.

ಯಾವ ಬೆಳೆ ಎಷ್ಟು ಲವಣ ತಾಳುತ್ತದೆ?

ಸಂತೃಪ್ತ ದ್ರಾವಣದ ವಿದ್ಯುತ್ ವಾಹಕತೆ ಈ ಮಟ್ಟ ದಾಟಿದ ಮೇಲೆ ಇಳುವರಿ ಕುಗ್ಗತೊಡಗುತ್ತದೆ:

ಹತ್ತಿ – 7.7
ಜೋಳ – 6.8
ಗೋಧಿ – 6.0
ಸೋಯಾ ಅವರೆ – 5.0
ಶೇಂಗಾ – 3.2
ಭತ್ತ – 3.0
ಮೆಕ್ಕೆಜೋಳ, ಕಬ್ಬು – 1.7
ಮೆಣಸಿನಕಾಯಿ – 1.5
ಈರುಳ್ಳಿ – 1.2

ಈ ಪಟ್ಟಿಯನ್ನು ನೋಡಿದರೆ ಒಂದು ಸಂಗತಿ ಸ್ಪಷ್ಟವಾಗುತ್ತದೆ. ನಮ್ಮ ಹಿರಿಯರು ಎರೆ ಹೊಲದಲ್ಲಿ ಬೆಳೆಯುತ್ತಿದ್ದ ಹತ್ತಿ, ಜೋಳಗಳೇ ಲವಣವನ್ನು ಹೆಚ್ಚು ತಾಳುತ್ತವೆ. ಭತ್ತ ಸವಳಿನಲ್ಲಿ ಬರುವುದು ನಿಂತ ನೀರು ಲವಣವನ್ನು ತೆಳುಗೊಳಿಸುವುದರಿಂದಲೇ ಹೊರತು ತನ್ನ ಶಕ್ತಿಯಿಂದಲ್ಲ. ಸಾಲಿನ ಬೆಳೆ ಹಾಕುವಾಗ ಬೀಜವನ್ನು ಬೋದಿನ ನೆತ್ತಿಯ ಮೇಲೆ ಊರಬೇಡಿ. ಲವಣ ಸೇರುವುದು ಅಲ್ಲಿಯೇ. ಬೋದಿನ ಇಳಿಜಾರಿನ ಮಧ್ಯದಲ್ಲಿ ಊರಿರಿ.

ರೈತರು ಕೇಳುವ ಕೆಲವು ಪ್ರಶ್ನೆಗಳು

"ಮೇಲೆ ಕೆಂಪು ಮಣ್ಣು ಹೇರಿಸಿದರೆ ಸಾಲದೇ?" ಒಂದೆರಡು ವರ್ಷ ಬೆಳೆ ಚೆನ್ನಾಗಿ ಕಾಣಬಹುದು. ಕೆಳಗಿನ ನೀರು ಇಳಿಯದಿದ್ದರೆ ಲವಣ ಹೊಸ ಮಣ್ಣಿಗೂ ಏರುತ್ತದೆ. ಹೇರಿದ ಖರ್ಚಿನಲ್ಲಿ ಬಸಿಗಾಲುವೆ ತೋಡುವುದು ಲೇಸು.

"ಬಿಳಿ ಪುಡಿ ಕೆರೆದು ಹೊರಗೆ ಹಾಕಿದರೆ?" ತೊಳೆಯುವ ಮೊದಲು ಕೆರೆದು ತೆಗೆದರೆ ನೀರು ಸ್ವಲ್ಪ ಉಳಿಯುತ್ತದೆ. ಅದೊಂದೇ ಚಿಕಿತ್ಸೆಯಲ್ಲ.

"ಬಾಟಲಿಯಲ್ಲಿ ಬರುವ ಔಷಧ ಸಿಂಪಡಿಸಿದರೆ ಸವಳು ಹೋಗುತ್ತದೆಂದು ಹೇಳುತ್ತಾರೆ." ಟನ್ನುಗಟ್ಟಲೆ ಲವಣವನ್ನು ಒಂದೆರಡು ಲೀಟರ್ ದ್ರಾವಣ ಹೊರಹಾಕಲಾರದು. ಆ ಹಣವನ್ನು ಮಣ್ಣು ಪರೀಕ್ಷೆಗೆ, ಜಿಪ್ಸಂಗೆ ಬಳಸಿರಿ.

"ಇಡೀ ಹೊಲಕ್ಕೆ ಖರ್ಚು ಮಾಡುವ ಶಕ್ತಿಯಿಲ್ಲ." ಇಡೀ ಹೊಲದಿಂದ ಪ್ರಾರಂಭಿಸಬೇಕಾಗಿಯೂ ಇಲ್ಲ. ಬಸಿಗಾಲುವೆ ತೋಡಿದ ಮೇಲೆ ಅರ್ಧ ಎಕರೆ ಆರಿಸಿಕೊಳ್ಳಿ. ಅದರಲ್ಲಿಯೂ ಒಂದು ಮಡಿಯನ್ನು ಜಿಪ್ಸಂ ಹಾಕದೆ ಬಿಡಿ. ಸುಗ್ಗಿಯಲ್ಲಿ ಎರಡರ ಕಾಳನ್ನೂ ಬೇರೆ ಬೇರೆ ತೂಗಿ ನೋಡಿರಿ. ಮುಂದಿನ ವರ್ಷ ಎಷ್ಟು ಖರ್ಚು ಮಾಡಬಹುದೆಂದು ಆ ತೂಕವೇ ಹೇಳುತ್ತದೆ. ಸರ್ಕಾರದ ನೆರವು ಆಯಾ ವರ್ಷದಲ್ಲಿ ಏನಿದೆಯೆಂದು ರೈತ ಸಂಪರ್ಕ ಕೇಂದ್ರದಲ್ಲಿ ಮತ್ತು ಕಾಡಾ ಕಚೇರಿಯಲ್ಲಿ ವಿಚಾರಿಸಿರಿ.

"ಏನು ಮಾಡಿದರೂ ನೀರು ಬಸಿಯದ ತಗ್ಗು ಇದೆ." ಅಂಥಲ್ಲಿ ಕರಿಜಾಲಿ, ಸರ್ವೆಯಂತಹ ಸವಳು ತಾಳುವ ಮರಗಳನ್ನು ಬೆಳೆಸಿರಿ. ಮರಗಳು ನೆಲದಡಿಯ ನೀರನ್ನು ಹೀರಿ ಸುತ್ತಲಿನ ಹೊಲಕ್ಕೂ ಸ್ವಲ್ಪ ಉಪಕಾರ ಮಾಡುತ್ತವೆ.

ವರ್ಷದ ಕೆಲಸದ ಪಟ್ಟಿ

ಮಾರ್ಚ್-ಏಪ್ರಿಲ್: ಮಣ್ಣು, ನೀರಿನ ಮಾದರಿ ಕಳಿಸುವುದು.
ಏಪ್ರಿಲ್-ಮೇ: ಹಳ್ಳ ಶುಚಿ ಮಾಡುವುದು, ಬಸಿಗಾಲುವೆ, ಮಟ್ಟ, ಬದು.
ಜೂನ್: ಜಿಪ್ಸಂ ಹರಡಿ ಬೆರೆಸುವುದು, ಎರಡನೆಯ ವರ್ಷದಿಂದ ಡಯಾಂಚ ಬಿತ್ತುವುದು.
ಜುಲೈ-ಆಗಸ್ಟ್: ಮಳೆನೀರು, ಕಾಲುವೆ ನೀರು ಕಟ್ಟಿ ಇಂಗಿಸಿ, ಬಸಿದು, ನಾಟಿ ಮಾಡುವುದು.
ಸುಗ್ಗಿಯ ಅನಂತರ: ಹೊಲವನ್ನು ಬರಿದಾಗಿ ಬಿಡದಿರುವುದು, ಹಿಂಗಾರಿ ಜೋಳ, ಕುಸುಬೆ ಹಾಕುವುದು ಇಲ್ಲವೇ ಹುಲ್ಲು ಹೊದಿಸುವುದು.

ಹೊಲ ಸುಧಾರಿಸಿದ ಮೇಲೂ ಕೊಳವೆಯಲ್ಲಿ ಅಂತರ್ಜಲ ಅಳೆಯುವುದನ್ನು ನಿಲ್ಲಿಸಬೇಡಿ. ನೀರು ಒಂದೂವರೆ ಮೀಟರಿಗಿಂತ ಮೇಲೆ ಬರತೊಡಗಿತೆಂದರೆ ಆ ವರ್ಷ ಎರಡನೆಯ ಭತ್ತ ಬಿಟ್ಟು, ಬಸಿಗಾಲುವೆಯ ಹೂಳು ತೆಗೆಯಿರಿ. ಸವಳು ನೆಲದ ಮೇಲೆ ಕಾಣಿಸಿಕೊಳ್ಳುವ ಮೊದಲೇ ಅದನ್ನು ತಡೆಯಲು ಈ ಒಂದು ಅಳತೆ ಸಾಕು.